ಶಾಯಿ ಹತ್ತದ ಗೋಲಿ

ಗೋಲಿ ತೀರ ಚೊಕ್ಕಟವಾಗಿತ್ತು. ಇನ್ಸ್‌ಪೆಕ್ಟರ್ ಸಾಂಬೂಗೆ ಸಿಟ್ಟು ಬಂದದ್ದು ಅದಕ್ಕೇ.

ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ಗಾಜಿನೊಳಗೆ ಒಂದು ಹಸಿರು ಎಳೆ, ಹೊರಗೆ ಏನೂ ಇಲ್ಲ. ಅದನ್ನು ಹಲಗೆಯ ಗುಣಿಯಲ್ಲಿ ಇಟ್ಟು ಪಕ್ಕದ್ದನ್ನು ಎತ್ತಿಕೊಂಡ. ಅದೂ ಹಾಗೆಯೇ. ಅದರ ಪಕ್ಕದ್ದೂ ಹಾಗೆಯೇ. ಅಂಗಡಿಯ ಡಬ್ಬಿಯಿಂದ ಈಗಷ್ಟೇ ಸುರಿದಂತಿದ್ದವು.

ಜಿಲ್ಲಾ ಕಮಿಷನರ್ ಕಚೇರಿಯ ಉದ್ದನೆಯ ಮೇಜಿನ ಮೇಲೆ ಇನ್ನೂರು ಗುಣಿಯ ಮರದ ಹಲಗೆಗಳನ್ನು ಸಾಲಾಗಿ ಇಟ್ಟಿದ್ದರು. ಗೋಡೆಗೆ ಒರಗಿ ಎರಡು ಪೀಪಾಯಿಗಳು ಬಾಯಿ ತೆರೆದು ನಿಂತಿದ್ದವು. ಕೆಂಪು ಪೀಪಾಯಿಯ ಮೇಲೆ ಅಧ್ಯಕ್ಷರ ಚಿತ್ರ, ಹಳದಿಯ ಮೇಲೆ ಎದುರಾಳಿ ಡಾಕ್ಟರ್ ಸಿದಿಬೇಯ ಚಿತ್ರ. ಬಾಂತಾ ಕುಂಡಾ ಹಳ್ಳಿಯ ಜನ ನಿನ್ನೆ ಒಂದೊಂದು ಗೋಲಿ ಹಿಡಿದು ಪರದೆಯ ಹಿಂದೆ ಹೋಗಿ, ತಮಗೆ ಬೇಕಾದವನ ಪೀಪಾಯಿಯ ಕೊಳವೆಗೆ ಅದನ್ನು ಬಿಟ್ಟು ಬಂದಿದ್ದರು. ಗೋಲಿ ಒಳಗಿನ ಗಂಟೆಗೆ ತಾಗಿ ಒಮ್ಮೆ ಸದ್ದಾದರೆ ಒಂದು ಮತ.

ಇಡೀ ದೇಶದಲ್ಲಿ ಲೆಕ್ಕಕ್ಕೆ ಉಳಿದಿದ್ದ ಕೊನೆಯ ಮತಗಟ್ಟೆ ಅದು. ಉಳಿದೆಲ್ಲ ಕಡೆ ಎಣಿಸಿ ಮುಗಿಸಿದಾಗ ಡಾಕ್ಟರ್ ಇನ್ನೂರು ಮತ ಮುಂದಿದ್ದ. ಈಗ ಹಲಗೆಯ ಮೇಲೆ ಕೆಂಪಿಗೆ ಮುನ್ನೂರ ತೊಂಬತ್ತೊಂದು, ಹಳದಿಗೆ ಇಪ್ಪತ್ತೇಳು. ಗಣರಾಜ್ಯಕ್ಕೆ ಹನ್ನೆರಡು ವರ್ಷ. ಆ ಹನ್ನೆರಡು ವರ್ಷವೂ ಆಳಿದವನು ಮತ್ತೆ ಗೆದ್ದಿದ್ದ.

ನಿನ್ನೆ ಸಂಜೆ ಈ ಪೀಪಾಯಿಗಳ ಜೊತೆ ದೋಣಿ ಹತ್ತಿದ ಮತಗಟ್ಟೆ ಅಧಿಕಾರಿ, ಶಾಲೆಯ ಮೇಷ್ಟ್ರು ಯೂಸುಫಾ ಜಾಸ್ಸಿ, ಬೆಳಿಗ್ಗೆ ಪೀಪಾಯಿಗಳು ದಡ ಸೇರಿದಾಗ ದೋಣಿಯಲ್ಲಿರಲಿಲ್ಲ. ಎಂಟು ಗಂಟೆಯ ರೇಡಿಯೋ ಅವನನ್ನು ಕಳ್ಳ ಎಂದು ಕರೆದಿತ್ತು. ಅಧ್ಯಕ್ಷರ ಮತಗಳನ್ನು ಕದಿಯಲು ಹೋಗಿ, ಆಗದೆ, ಓಡಿಹೋದನಂತೆ.

ಅವನ ಹೆಂಡತಿ ಸಿರಾ ಆಗಿನಿಂದ ಕಚೇರಿಯ ಗೇಟಿನಲ್ಲೇ ಕೂತಿದ್ದಳು. ಯಾರು ಏಳಿಸಿದರೂ ಏಳುತ್ತಿರಲಿಲ್ಲ. ಕೆಂಪು ಬಾವುಟದವರು ದಾಟಿಹೋಗುವಾಗ ಅವಳಿಗೆ ಕೇಳುವಂತೆ, "ಮೇಷ್ಟ್ರು ಗೋಲಿ ಆಡೋಕೆ ಹೋಗವ್ರೆ, ಬತ್ತಾರೆ ಇರು" ಎನ್ನುತ್ತಿದ್ದರು.

"ಏನೋ ನನ್ನ ಜೀತದಾಳೇ," ಎಂದಿತು ಹಿಂದಿನಿಂದ ಒಂದು ದಪ್ಪ ದನಿ. "ಗೋಲಿ ಆಡೋ ವಯಸ್ಸಾ ನಿಂದು? ಕೆಳಗಿಡು. ಮಧ್ಯಾಹ್ನದ ನಮಾಜಿಗೆ ಮುಂಚೆ ನಾನು ಸಹಿ ಮಾಡ್ಬೇಕು. ವೈರ್‌ಲೆಸ್ ಕಾಯ್ತಾ ಇದೆ."

ಕಮಿಷನರ್ ಬಿರಾನ್ ಜೂಫ್ ಬಿಳಿ ನಿಲುವಂಗಿಯ ತೋಳು ಮಡಚಿಕೊಳ್ಳುತ್ತ ಒಳಬಂದ. ಎಣಿಕೆಗೆ ಕೂತಿದ್ದ ಗುಮಾಸ್ತರ ಮುಖದಲ್ಲಿ ಆಗಲೇ ನಗು ಮೂಡಿತ್ತು. ಜೂಫ್ ಸೆರೇರ, ಸಾಂಬೂ ಜೋಲಾ. ಈ ಎರಡು ಕುಲದವರು ಎದುರಾದರೆ ಒಬ್ಬರನ್ನೊಬ್ಬರು ಬೈಯಲೇಬೇಕು, ಬೈಸಿಕೊಂಡವರು ನಗಲೇಬೇಕು. ಅದು ತಾತ ಮುತ್ತಾತರ ಕಾಲದ ಕರಾರು. ಇಪ್ಪತ್ತು ವರ್ಷದಿಂದ ಇವರಿಬ್ಬರ ಬೈಗುಳ ಕೇಳುವುದೇ ಈ ಊರಿನ ಮನರಂಜನೆ.

"ಆಳು ಯಾರು ಅಂತ ನದಿ ನೀರಿಗೂ ಗೊತ್ತು," ಎಂದ ಸಾಂಬೂ. ಮುಖ ತಿರುಗಿಸಲಿಲ್ಲ. "ಸಜ್ಜೆ ಕುಟ್ಟಿ ಕುಟ್ಟಿ ನಿಮ್ಮೋರ ತಲೇಲೂ ಬರೀ ಹೊಟ್ಟು ತುಂಬಿದೆ. ಸ್ವಲ್ಪ ಇಲ್ಲಿ ಬಾ. ಇದನ್ನ ನೋಡು."

ಹಳದಿ ಹಲಗೆಯಿಂದ ಒಂದು ಗೋಲಿ ಎತ್ತಿ ಅಂಗೈಯಲ್ಲಿಟ್ಟು ಚಾಚಿದ. ಅದರ ಮೈಮೇಲೆ ಹೆಬ್ಬೆರಳಿನ ಅಗಲಕ್ಕೆ ನೇರಳೆ ಬಣ್ಣದ ಕಲೆ ಇತ್ತು.

"ಶಾಯಿ," ಎಂದ ಜೂಫ್. "ಅದಕ್ಕೇನೀಗ?"

"ಹಳದಿಯ ಇಪ್ಪತ್ತೇಳರಲ್ಲೂ ಇದೆ. ಕೆಂಪಿನಲ್ಲಿ ಒಂದರ ಮೇಲೂ ಇಲ್ಲ."

ಗುಮಾಸ್ತರು ಬಗ್ಗಿ ನೋಡಿದರು. ಹಳದಿ ಪಕ್ಷದ ಏಜೆಂಟು, ಮುದುಕ ದೇಂಬಾ, ಕುರ್ಚಿಯಿಂದ ಎದ್ದು ಬಂದು ಕಣ್ಣನ್ನು ಹಲಗೆಗೆ ತಾಗುವಷ್ಟು ಹತ್ತಿರ ಒಯ್ದ.

"ನಮ್ಮೋರು ಶುಚಿಯಾದ ಜನ ಕಣಯ್ಯ," ಎಂದು ನಕ್ಕ ಜೂಫ್. "ಕೈ ತೊಳ್ಕೊಂಡು ಮತ ಹಾಕ್ತಾರೆ. ನಿಮ್ಮ ಡಾಕ್ಟರ್ ಕಡೆಯೋರು ತೊಳೆಯೋದೇ ಹಬ್ಬಕ್ಕೆ."

ಎಲ್ಲರೂ ನಕ್ಕರು. ಸಾಂಬೂ ಕೂಡ ಹಲ್ಲು ತೋರಿಸಿದ. ಗೋಲಿಯನ್ನು ಮಾತ್ರ ಕೆಳಗಿಡಲಿಲ್ಲ.

ನಿನ್ನೆ ಬೆಳಿಗ್ಗೆ ಅವನು ಬಾಂತಾ ಕುಂಡಾದ ಶಾಲೆಯಲ್ಲಿ ಒಂದು ಗಂಟೆ ನಿಂತಿದ್ದ. ಯೂಸುಫಾ ಮೇಷ್ಟ್ರು ಬಾಗಿಲಲ್ಲಿ ಕೂತು, ಬಂದ ಪ್ರತಿಯೊಬ್ಬರಿಗೂ ಅದೇ ರಾಗದಲ್ಲಿ ಹೇಳುತ್ತಿದ್ದ: ಮೊದಲು ಹೆಸರು, ಆಮೇಲೆ ಬೆರಳು, ಆಮೇಲೆ ಗೋಲಿ. ಮಕ್ಕಳಿಗೆ ಪಾಠ ಒಪ್ಪಿಸಿದಂತೆ. ಬೆರಳನ್ನು ಶಾಯಿಯ ಸೀಸೆಗೆ ಅದ್ದಿಸಿ, ಅದೇ ಒದ್ದೆ ಕೈಗೆ ಗೋಲಿ ಇಡುತ್ತಿದ್ದ. ಅಲ್ಲಿಂದ ಪರದೆಗೆ ಮೂರೇ ಹೆಜ್ಜೆ. ನೀರಿನ ಬಾವಿ ಊರಾಚೆ.

ಸಾಂಬೂ ಕುರಾನ್ ಪಾಠಶಾಲೆಯಲ್ಲಿ ಬೆಳೆದವನು. ಅವನ ತಂದೆ ಕಣ್ಣು ಮುಚ್ಚಿ ಕೂತು ಮಕ್ಕಳ ಪಠಣ ಕೇಳುತ್ತಿದ್ದರು. ಎಲ್ಲೋ ಒಂದು ಸ್ವರ ಗಿಡ್ಡವಾದರೂ ಕೈ ಎತ್ತಿ ನಿಲ್ಲಿಸುತ್ತಿದ್ದರು, ಏನು ತಪ್ಪೆಂದು ಹೇಳುತ್ತಿರಲಿಲ್ಲ, ಮತ್ತೆ ಮೊದಲಿನಿಂದ ಶುರು ಮಾಡಿಸುತ್ತಿದ್ದರು. ಸಾಂಬೂಗೆ ಪೊಲೀಸ್ ಕೆಲಸ ಕಲಿಸಿದ್ದು ಆ ಎತ್ತಿದ ಕೈ. ಅವನು ಮನಸ್ಸಿನಲ್ಲಿ ಮತ್ತೆ ಮೊದಲಿನಿಂದ ಶುರು ಮಾಡಿದ.

ಮತದಾರರ ಪಟ್ಟಿಯಲ್ಲಿ ಗುರುತು ಹಾಕಿದ ಹೆಸರು ನಾನೂರ ಹದಿನೆಂಟು. ಹಲಗೆಗಳಲ್ಲಿ ಇದ್ದ ಗೋಲಿಯೂ ನಾನೂರ ಹದಿನೆಂಟು. ಲೆಕ್ಕ ಸರಿ. ಅಂದರೆ ಹೊರಗಿನಿಂದ ಗೋಲಿ ಸೇರಿಸಿಲ್ಲ, ಬದಲಾಯಿಸಿದ್ದಾರೆ. ನದಿಯ ನಡುವೆ ಯಾರೋ ಪೀಪಾಯಿ ಬಿಚ್ಚಿ, ಜನ ಹಾಕಿದ್ದನ್ನು ಸುರಿದು, ಹಳದಿಗೆ ಹೆಸರಿಗಷ್ಟೇ ಇಪ್ಪತ್ತೇಳು ಬಿಟ್ಟು, ಕೆಂಪಿಗೆ ಹೊಸ ಗೋಲಿ ತುಂಬಿ, ಮತ್ತೆ ಸೀಸದ ಸೀಲು ಒತ್ತಿದ್ದಾರೆ. ಸೀಲು ಒತ್ತುವ ಇಕ್ಕಳ ಎರಡೇ. ಒಂದು ಮೇಷ್ಟ್ರ ಚೀಲದಲ್ಲಿ. ಇನ್ನೊಂದು ಈ ಕಚೇರಿಯ ಕಪಾಟಿನಲ್ಲಿ.

ನಾನೂರು ಜನ ಬೆಳಗಿನ ಜಾವಕ್ಕೆ ಎದ್ದು, ಗದ್ದೆ ದಾಟಿ, ಹೆಗಲ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಬಂದು ಸಾಲಿನಲ್ಲಿ ನಿಂತಿದ್ದರು. ಒಬ್ಬ ಮುದುಕಿ ಗಂಟೆಯ ಸದ್ದು ತನಗೆ ಸರಿಯಾಗಿ ಕೇಳಲಿಲ್ಲ ಎಂದು, ಆಯಿತೋ ಇಲ್ಲವೋ ಎಂದು ಮೂರು ಸಲ ಕೇಳಿದ್ದಳು. ಆಯ್ತಮ್ಮ, ನನಗೆ ಕೇಳಿಸ್ತು, ಎಂದಿದ್ದ ಯೂಸುಫಾ.

ಆ ಗೋಲಿ ಈಗ ಎಲ್ಲಿದೆ? ಯೂಸುಫಾ ಎಲ್ಲಿದ್ದಾನೆ?

ಜೂಫ್ ಮೇಜಿನ ತುದಿಯಲ್ಲಿ ಕೂತು ಪೆನ್ನಿನ ಮುಚ್ಚಳ ತೆಗೆದ. ಫಲಿತಾಂಶದ ಹಾಳೆ ಅವನ ಮುಂದಿತ್ತು. ಸಹಿ ಬಿದ್ದರೆ ಯೂಸುಫಾ ಜೀವಂತ ಸಿಕ್ಕರೂ ಕಳ್ಳನೇ, ಸತ್ತು ಸಿಕ್ಕರೂ ಕಳ್ಳನೇ.

ಸಾಂಬೂ ಹೋಗಿ ಅವನ ಎದುರಿಗೆ ನಿಂತ. ಕಾನೂನಿನ ಮಾತಾಡಿದರೆ ಜೂಫ್ ಕಾನೂನಿನಲ್ಲೇ ಉತ್ತರ ಕೊಡುತ್ತಾನೆ. ಅವನ ಹುದ್ದೆ ದೊಡ್ಡದು. ಆದರೆ ಬೈಗುಳದಲ್ಲಿ ಇಬ್ಬರೂ ಸಮ.

"ಜೂಫ್, ಹೊಟ್ಟೆ ಯಾಕೋ ದಪ್ಪಗಾಗಿದೆಯಲ್ಲ. ರಾತ್ರಿ ಏನು ತಿಂದೆ?"

"ಮೀನು ತಿಂದೆ. ನಿನಗೆ ಮುಳ್ಳು ಎತ್ತಿಟ್ಟಿದ್ದೀನಿ, ತಗೊಂಡು ಹೋಗು."

"ಮೀನಲ್ಲ. ಬಾಂತಾ ಕುಂಡಾನೇ ತಿಂದಿದ್ದೀಯ. ಎದ್ದು ನಿಂತು ಒಂದು ಸಲ ಕುಣಿ ನೋಡೋಣ. ಒಳಗಿಂದ ಗೋಲಿ ಸದ್ದು ಕೇಳ್ತದಾ ಅಂತ."

ಗುಮಾಸ್ತರು ಗೊಳ್ಳೆಂದರು. ಬಾಗಿಲಲ್ಲಿ ನಿಂತ ಪೇದೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡ. ಜೂಫ್ ನಗಲು ತುಟಿ ಬಿಚ್ಚಿದ. ಆದರೆ ಅದು ನಗುವಾಗಲಿಲ್ಲ.

"ನಾವು ಜೋಲಾಗಳು ಅಕ್ಕಿ ಕದ್ದೇವು, ಹೆಂಡ ಕದ್ದೇವು," ಸಾಂಬೂ ಮುಂದುವರಿಸಿದ. ದನಿ ಏರಲಿಲ್ಲ. "ಸೆರೇರ ನೋಡ್ರಪ್ಪ, ಪೀಪಾಯಿಗೇ ಕೈ ಹಾಕ್ತಾನೆ. ಕದಿಯೋದನ್ನಾದ್ರೂ ಸರಿಯಾಗಿ ಕದಿಯೋ, ದಡ್ಡ ನನ್ಮಗನೇ. ಹೊಸ ಗೋಲಿ ತಂದೋನು ಒಂದು ಸೀಸೆ ಶಾಯಿ ತರೋಕೆ ಮರೆತ್ಯಾ? ಒಬ್ಬ ಬಡ ಮೇಷ್ಟ್ರನ್ನ ಮಾಯ ಮಾಡಿ, ಅವನ ಹೆಂಡ್ತಿನ ಗೇಟಲ್ಲಿ ಕೂರಿಸಿ, ಸಹಿ ಮಾಡೋಕೆ ಬಿಳೀ ಅಂಗಿ ಹಾಕ್ಕೊಂಡು ಬಂದಿದ್ದೀಯಲ್ಲ, ಅದರ ಮೇಲಾದ್ರೂ ಒಂದು ಕಲೆ ಬೇಡ್ವಾ ನಿನಗೆ?"

ಈಗ ನಗುವವರು ಇಬ್ಬರೇ ಉಳಿದಿದ್ದರು. ಅವರೂ ನಿಲ್ಲಿಸಿದರು.

ಜೂಫ್ ಎದ್ದು ನಿಂತ.

"ಇನ್ಸ್‌ಪೆಕ್ಟರ್ ಸಾಂಬೂ ಅವರೇ," ಎಂದ. "ಮಾತಿನ ಮೇಲೆ ಹಿಡಿತ ಇರಲಿ. ನೀವು ಯಾರ ಮುಂದೆ ನಿಂತಿದ್ದೀರಿ ಅನ್ನೋದು ನೆನಪಿದೆಯಾ?"



ಸಾಂಬೂನ ತಂದೆ ತೀರಿಕೊಂಡ ದಿನ ಇದೇ ಜೂಫ್ ಬಂದು ಹೆಣದ ಪಕ್ಕದಲ್ಲಿ ಮಲಗಿಬಿಟ್ಟಿದ್ದ. ನನ್ನ ಆಳು ಗದ್ದೆ ಕೆಲಸ ತಪ್ಪಿಸಲು ಸತ್ತಂತೆ ನಟಿಸುತ್ತಿದ್ದಾನೆ, ಏಳಿಸದೆ ನಾನು ಏಳುವುದಿಲ್ಲ ಎಂದು ಹಟ ಹಿಡಿದು, ಅಳುತ್ತಿದ್ದ ಸಾಂಬೂನ ತಾಯಿಯನ್ನೂ ನಗಿಸಿದ್ದ. ಅಂದೂ ನೀನು ಎಂದೇ ಕರೆದಿದ್ದ. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ 'ನೀವು' ಎಂದವನಲ್ಲ.

ಮುದುಕ ದೇಂಬಾ ಗಡ್ಡ ನೀವಿಕೊಂಡ. "ಸೆರೇರ ಜೋಲಾಗೆ ನೀವು ಅಂದ," ಎಂದು ತನಗೆ ತಾನೇ ಹೇಳಿಕೊಂಡಂತೆ ಅಂದ. "ನನಗೆ ಎಪ್ಪತ್ತಾಯ್ತು. ಇದೊಂದು ಕೇಳಿರ್ಲಿಲ್ಲ. ಬೈಸ್ಕೊಂಡು ನೋವಾಯ್ತು ಅಂದ್ರೆ ಮಾತು ನಿಜ ಇರ್ಬೇಕಪ್ಪ."

ಜೂಫ್‌ಗೆ ತಾನು ಏನು ಮಾಡಿದೆ ಎಂದು ಗೊತ್ತಾಯಿತು. ಗುಮಾಸ್ತರ ಮುಖ ನೋಡಿದ. ಒಬ್ಬರೂ ಅವನ ಕಣ್ಣಿಗೆ ಕಣ್ಣು ಕೊಡಲಿಲ್ಲ.

"ಪೆನ್ನು ಕೊಡು," ಎಂದು ಸಾಂಬೂ ಕೈ ಚಾಚಿದ. "ಜೋಲಾ ಕೇಳಿದ್ದಕ್ಕೆ ಸೆರೇರ ಇಲ್ಲ ಅನ್ನೋ ಹಾಗಿಲ್ಲ. ಇಷ್ಟು ಜನರ ಮುಂದೆ ಕೇಳ್ತಿದ್ದೀನಿ."

ಚಿಕ್ಕ ಪೆನ್ನು. ಅದನ್ನು ಕೊಡದಿದ್ದರೆ ಸಂಜೆಯೊಳಗೆ ನದಿಯ ಎರಡೂ ದಂಡೆಯಲ್ಲಿ, ಅವನ ಸ್ವಂತ ತಮ್ಮಂದಿರ ಮನೆಯಲ್ಲೂ, ಜೂಫ್ ಕರಾರು ಮುರಿದ ಎಂಬ ಮಾತು ಹಬ್ಬುತ್ತಿತ್ತು. ಕೊಟ್ಟ. ಕೊಡುವಾಗ ಸಾಂಬೂನ ಮುಂಗೈ ಹಿಡಿದು ಹಿಂದಿನ ಜಗಲಿಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದ.

"ಕೇಳಿ," ಎಂದ. ಮುಖಕ್ಕೆ ರಕ್ತ ನುಗ್ಗಿತ್ತು. "ಮೇಷ್ಟ್ರು ಬದುಕಿದ್ದಾನೆ."

ಸಾಂಬೂ ಬಾಗಿಲಿಗೆ ಬೆನ್ನು ಕೊಟ್ಟು ನಿಂತ.

"ನಿಮ್ಮ ಠಾಣೆಯ ಲಾಕಪ್ಪಲ್ಲೇ ಇದ್ದಾನೆ. ಬೆಳಗಿನ ಜಾವ ತಂದು ಹಾಕಿದ್ರು. ದಸ್ತಗಿರಿ ಪುಸ್ತಕದಲ್ಲಿ ಅಬು ಸೋ ಅಂತ ಹೆಸರು, ಕುಡಿದು ಗಲಾಟೆ ಅಂತ ಕಾರಣ. ಕೆಳಗೆ ನಿಮ್ಮದೇ ಸಹಿ."

ಮೊನ್ನೆ ಸಂಜೆ, ಎರಡು ದಿನ ಚುನಾವಣೆಯ ಕೆಲಸ ಬಿಟ್ಟು ಬರಲಾಗುವುದಿಲ್ಲವೆಂದು, ಸಾಂಬೂ ದಸ್ತಗಿರಿ ಪುಸ್ತಕದ ಹತ್ತು ಖಾಲಿ ಪುಟಗಳ ಕೆಳಗೆ ಸಹಿ ಹಾಕಿ ಬಂದಿದ್ದ. ಎಲ್ಲ ಠಾಣೆಯಲ್ಲೂ ಹಾಗೆಯೇ ಮಾಡುತ್ತಿದ್ದರು. ಅವನೂ ಹದಿನೈದು ವರ್ಷದಿಂದ ಮಾಡುತ್ತಿದ್ದ. ಒಮ್ಮೆಯೂ ಅದು ತಪ್ಪು ಅನ್ನಿಸಿರಲಿಲ್ಲ.

"ಒಂದು ಗಂಟೆಗೆ ರಾಜಧಾನಿಯಿಂದ ಸೈನ್ಯದ ಲಾರಿ ಬರ್ತದೆ," ಜೂಫ್ ಮಾತು ಬಿಡಿಬಿಡಿಯಾಗಿ ಬರುತ್ತಿತ್ತು. "ಆ ಲಾರಿ ಹತ್ತಿದೋರ ಹೆಸರು ಆಮೇಲೆ ಯಾವ ಪುಸ್ತಕದಲ್ಲೂ ಇರಲ್ಲ. ಪೆನ್ನು ವಾಪಸ್ ಕೊಡಿ. ನಾನು ಸಹಿ ಮಾಡ್ತೀನಿ, ಲಾರಿ ಖಾಲಿ ಹೋಗ್ತದೆ, ಮೇಷ್ಟ್ರು ಸಾಯಂಕಾಲ ಮನೇಲಿ ಹೆಂಡ್ತಿ ಕೈ ಊಟ ಮಾಡ್ತಾನೆ. ಇಲ್ಲಾಂದ್ರೆ ಅವನನ್ನ ಬಚ್ಚಿಟ್ಟೋರು ನೀವೇ ಆಗ್ತೀರಿ. ಪೀಪಾಯಿ ಮುಟ್ಟಿದೋರೂ ನೀವೇ."

"ನಿನಗೆ ಇದು ಬೇಕಿತ್ತಾ ಬಿರಾನ್?"

"ನನ್ನನ್ನ ಕೇಳಿದ್ರು ಅಂದ್ಕೊಂಡ್ರಾ?" ಜೂಫ್‌ನ ದನಿ ಒಡೆಯಿತು. "ಹೇಳಿದ್ರು. ಕೇಳೋದು ನಿಮ್ಮ ಡಾಕ್ಟರ್ ಜನಕ್ಕೆ ಮಾತ್ರ ಇರೋ ಶೋಕಿ."

ಸಾಂಬೂ ಪೆನ್ನನ್ನು ನೋಡಿದ. ಸಿಟ್ಟು ಅವನ ತಲೆಯಿಂದ ಇಳಿದು ಕೈಗೆ ಬಂದಿತ್ತು. ಜೂಫ್‌ನ ಮೇಲಿನ ಸಿಟ್ಟಾಗಿದ್ದರೆ ಹೊಡೆದು ಮುಗಿಸಬಹುದಿತ್ತು. ಖಾಲಿ ಹಾಳೆಗೆ ಸಹಿ ಹಾಕಿದ ಕೈ ತನ್ನದೇ.

ಪೆನ್ನನ್ನು ಜೇಬಿಗೆ ಹಾಕಿಕೊಂಡು ಬಾಗಿಲು ತೆರೆದ. ಎಣಿಕೆಯ ಕೋಣೆ ದಾಟಿ, ಅಂಗಳ ದಾಟಿ, ನೇರ ಗೇಟಿಗೆ ನಡೆದ. ಗಡಿಯಾರದಲ್ಲಿ ಹನ್ನೆರಡೂವರೆ.

ಸಿರಾ ತಲೆ ಎತ್ತಿದಳು. ಬೆಳಿಗ್ಗೆಯಿಂದ ನೀರನ್ನೂ ಕುಡಿದಿರಲಿಲ್ಲ, ತುಟಿ ಒಡೆದಿತ್ತು. "ಸಹಿ ಆಯ್ತಾ ಅಣ್ಣ?"

"ಇಲ್ಲ ತಂಗಿ."

"ಹೆಣ ಸಿಕ್ತಾ?"

"ಏಳು," ಎಂದ ಸಾಂಬೂ. ನಂತರ ಗೇಟಿನ ಹೊರಗಿದ್ದ ಹಳದಿ ಬಾವುಟದವರಿಗೂ ಕೆಂಪು ಬಾವುಟದವರಿಗೂ ಕೇಳುವಂತೆ, ಪಾಠಶಾಲೆಯಲ್ಲಿ ಪಠಣ ಮಾಡುತ್ತಿದ್ದ ಎತ್ತರದ ದನಿಯಲ್ಲಿ ಹೇಳಿದ: "ಯೂಸುಫಾ ಜಾಸ್ಸಿ ಓಡಿಹೋಗಿಲ್ಲ. ಬೆಳಗಿನ ಜಾವದಿಂದ ನನ್ನ ಠಾಣೇಲಿ ಇದ್ದಾರೆ, ಬೇರೆ ಹೆಸರಲ್ಲಿ. ಆ ಪುಟಕ್ಕೆ ಸಹಿ ಮಾಡಿದೋನು ನಾನು. ಖಾಲಿ ಪುಟಕ್ಕೆ ಮಾಡಿದ್ದೆ. ನಿಮಗೆ ನನ್ನನ್ನ ಹೊಡೀಬೇಕು ಅನ್ಸಿದ್ರೆ ಆಮೇಲೆ ಹೊಡೀರಿ. ಈಗ ನನ್ನ ಜೊತೆ ಬನ್ನಿ. ಒಂದು ಗಂಟೆಗೆ ಲಾರಿ ಬರೋದ್ರೊಳಗೆ ಬಾಗಿಲ ಮುಂದೆ ಜನ ಇರ್ಬೇಕು."

ಸಿರಾ ಎದ್ದು ಅವನ ಎದುರಿಗೆ ಬಂದು ನಿಂತಳು. ಹೊಡೆಯುತ್ತಾಳೆ ಎಂದುಕೊಂಡ.

"ನಾನು ಇಲ್ಲಿ ಕೂತಿದ್ದೆ," ಎಂದಳು. "ನಿನ್ನ ಠಾಣೆ ಅಲ್ಲಿ ಕಾಣ್ತಾ ಇತ್ತು. ನಾನು ಇಲ್ಲೇ ಕೂತಿದ್ದೆ."

ಅವಳು ಅವನನ್ನು ದಾಟಿ ನಡೆಯತೊಡಗಿದಳು. ಜನ ಹಿಂದೆ ಬಂದರು. ಮೊದಲು ಹಳದಿಯವರು, ಆಮೇಲೆ ಮಾರುಕಟ್ಟೆಯ ಹೆಂಗಸರು, ಕೊನೆಗೆ ಕೆಂಪು ಬಾವುಟವನ್ನು ಕಂಕುಳಲ್ಲಿ ಮಡಚಿಟ್ಟುಕೊಂಡ ಮೂರ್ನಾಲ್ಕು ಜನ.

ಠಾಣೆಯ ಬಾಗಿಲಲ್ಲಿ ಪಹರೆಯ ಪೇದೆ ಸೂನಾ ಬಂದೂಕನ್ನು ಅಡ್ಡ ಹಿಡಿದ. ಹಿಂದಿದ್ದ ಜನರನ್ನು ನೋಡಿ ಇಳಿಸಿದ.

"ಸಾರ್, ನಿಮ್ಮದೇ ಸಹಿ ಇತ್ತು," ಎಂದ, ಕೇಳುವ ಮೊದಲೇ.

"ಗೊತ್ತು. ಯಾರು ತಂದ್ರು?"

"ಮಫ್ತಿಯೋರು ಇಬ್ರು. ತಲೆಗೆ ಗೋಣಿ ಹಾಕಿದ್ರು ಸಾರ್. ಒಳಗೆ ಹೋಗೋವಾಗ ತೆಗೆದ್ರು, ಅಲ್ಲಿ ಕತ್ತಲೆ. ಮುಖ ನೋಡ್ಬೇಡ ಅಂದ್ರು, ನಾನು ನೋಡ್ಲಿಲ್ಲ. ಆಗಿನಿಂದ ಗೋಡೆ ಕಡೆ ತಿರುಗಿ ಕೂತೋನು ಒಂದು ಮಾತಾಡಿಲ್ಲ. ನೀರು ಕೊಟ್ರೂ ಮುಟ್ಟಿಲ್ಲ."

"ಬೀಗ ತೆಗಿ."

ಸಾಂಬೂ ಲಾಟೀನು ಹಿಡಿದು ಮುಂದೆ ಹೋದ. ಮೂಲೆಯಲ್ಲಿ ಒಬ್ಬ ಮೊಣಕಾಲಿನ ಮೇಲೆ ತಲೆ ಇಟ್ಟು, ಬೆನ್ನು ತೋರಿಸಿ ಕೂತಿದ್ದ. ಮೈಮೇಲೆ ನೀಲಿ ಪಟ್ಟೆಯ ಅಂಗಿ, ಕಾಲರಿನ ಹಿಂದೆ ಕೈಯಿಂದ ಹಾಕಿದ ತೇಪೆ.

"ಯೂಸುಫಾ," ಎಂದಳು ಸಿರಾ. ಇಡೀ ಬೆಳಿಗ್ಗೆ ತಡೆದಿದ್ದ ಅಳು ಒಂದೇ ಸಲ ಬಂತು. ಓಡಿಹೋಗಿ ಆ ಅಂಗಿಯ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದಳು.

ಕೂತವನು ನಿಧಾನವಾಗಿ ತಿರುಗಿದ. ಲಾಟೀನಿನ ಬೆಳಕು ಮುಖಕ್ಕೆ ಬಿತ್ತು.

ಸಿರಾ ಬೆಂಕಿ ಮುಟ್ಟಿದವಳಂತೆ ಕೈ ತೆಗೆದಳು.

"ಅಂಗಿ ನಮ್ಮೋರದು," ಎಂದಳು, ಸಾಂಬೂನ ಕಡೆ ತಿರುಗದೆಯೇ. "ತೇಪೆ ಹಾಕಿದ್ದೂ ನಾನೇ. ಇವನು ಯಾರು?"

ಗೋಲಿಗಳಂತೆಯೇ, ಲೆಕ್ಕ ಸರಿಯಾಗಿತ್ತು; ಮನುಷ್ಯನನ್ನು ಬದಲಾಯಿಸಿದ್ದರು.